ಬೆನ್ನಿನ ಬಣ್ಣಗಳು

ಯಲಬುರ್ಗಾದ ನಮ್ಮ ಮನೆಯಲ್ಲಿ ಬೆಳಗಾಯಿತೆಂದು ಸಾರುವುದು ಕೋಳಿಯೂ ಅಲ್ಲ, ಮೊಬೈಲಿನ ಗಂಟೆಯೂ ಅಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ನನ್ನ ಹೆಂಡತಿ ಗಿರಿಜೆ ಜೋಳದ ರೊಟ್ಟಿ ಬಡಿಯುವ ಸದ್ದು. ಈ ಸುಪ್ರಭಾತವನ್ನು ಹಾಸಿಗೆಯಲ್ಲೇ ಆಸ್ವಾದಿಸುವ ಸೌಭಾಗ್ಯ ನನ್ನದು. ಕಳೆದ ಬೇಸಿಗೆಯಲ್ಲಿ ಆ ಲಯ ತಪ್ಪಲಾರಂಭಿಸಿತು. ನಾಲ್ಕು ಪೆಟ್ಟು ಬಿದ್ದು ನಿಲ್ಲುವುದು, ಮತ್ತೆರಡು ಬಿದ್ದು ನಿಲ್ಲುವುದು. ಕೇಳಿದರೆ, ಕುತ್ತಿಗೆ ಹಿಡಿದು ಬಲಗೈ ಜೋಮುಗಟ್ಟುತ್ತದೆ ಎಂದಳು.

ಗಂಗಾವತಿಯಲ್ಲಿ ಕೈರೋಪ್ರಾಕ್ಟಿಕ್ ಎಂಬ, ಉಚ್ಚರಿಸುವಾಗಲೇ ದವಡೆಯ ಕೀಲು ಸಡಿಲಾಗುವ ಚಿಕಿತ್ಸೆಯ ಕೇಂದ್ರವೊಂದು ತೆರೆದಿದೆಯೆಂದೂ, ಸೂಜಿ ಸೋಕಿಸದೆ ಬೆನ್ನಿನ ಸ್ನಾಯುಗಳ ಶ್ರಮವನ್ನೂ ಚರ್ಮದ ಶಾಖವನ್ನೂ ಅಳೆಯುವ ಯಂತ್ರ ಅಲ್ಲಿದೆಯೆಂದೂ ಕೇಳಿದ್ದೆ. ಗಿರಿಜೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಮೊದಲ ಫೋಟೋ ತೆಗೀತಾರ, ಆಮ್ಯಾಲೆ ಕೊಯ್ಯಬೇಕು ಅಂತಾರ. ಈ ಕೈ ಹ್ವಾದ್ರ ನನಗ ಮತ್ತೇನೈತ್ರಿ?"

ಇದನ್ನು ಹೇಳುವಾಗ ಅವಳು ನಗಲಿಲ್ಲ.

ಮೊದಲು ನಾನೇ ಮಾಡಿಸಿಕೊಂಡು ತೋರಿಸಬೇಕೆಂಬ ಷರತ್ತಿನ ಮೇಲೆ ಕೊನೆಗೆ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನನ್ನ ತ್ಯಾಗದ ಮಹಿಮೆಯನ್ನು ನಾನೇ ವರ್ಣಿಸಿದೆ. ಕೊಪ್ಪಳ ದಾಟಿದ ಮೇಲೆ ಅವಳು ನಿದ್ದೆ ಬಂದಂತೆ ನಟಿಸಿದಳು.

ಅಲ್ಲಿನ ವೈದ್ಯೆ ತಣ್ಣನೆಯ ಉಪಕರಣವೊಂದನ್ನು ನನ್ನ ಬೆನ್ನಗುಂಟ ಇಳಿಸಿದರು. ಕಚಗುಳಿಯಾಯಿತೇ ಹೊರತು ಬೇರೇನೂ ಆಗಲಿಲ್ಲ. ಆದರೆ ಪರದೆಯ ಮೇಲೆ ನನ್ನ ಬೆನ್ನು, ಕತ್ತಿನಿಂದ ಸೊಂಟದವರೆಗೆ, ಕಿನ್ನಾಳದ ಗೊಂಬೆಯ ಸೀರೆಯಷ್ಟು ಕೆಂಪಾಗಿ ಮೂಡಿತು. ನಂತರ ಗಿರಿಜೆಯ ಸರದಿ. ಕುತ್ತಿಗೆಯ ಬಳಿಯ ಒಂದು ಕೆಂಪು ಮಚ್ಚೆ ಬಿಟ್ಟರೆ ಅವಳ ಬೆನ್ನೆಲ್ಲ ಗಂಗಾವತಿಯ ಭತ್ತದ ಗದ್ದೆಯ ಹಸಿರು.

"ಈ ಕೆಂಪು ಬಣ್ಣ ರೋಗ ಹೇಳೂದಿಲ್ರಿ, ಸ್ನಾಯು ಎಲ್ಲಿ ದಣದಾವ ಅನ್ನೂದಷ್ಟ ಹೇಳ್ತೈತಿ," ಎಂದ ವೈದ್ಯೆ, ಗಿರಿಜೆಯ ಕೈ ಹಿಡಿದು ಅದರ ಬಲ ನೋಡಿದರು. "ಈಗ ಕೊಯ್ಯೂ ಮಾತ ಇಲ್ರಿ ಅಕ್ಕಾರ. ಸ್ವಲ್ಪ ದಿನ ರೊಟ್ಟಿ ಬಡೀಬ್ಯಾಡ್ರಿ. ಆಮ್ಯಾಲೂ ಜೋಮು ಉಳದ್ರ ನರದ ಡಾಕ್ಟರಿಗೆ ತೋರಸ್ರಿ."

ಬಳಿಕ ನನ್ನತ್ತ ತಿರುಗಿ, ದಿನವೆಲ್ಲ ಏನು ಮಾಡುತ್ತೀರೆಂದು ಕೇಳಿದರು. ನಿವೃತ್ತ ಕನ್ನಡ ಮಾಸ್ತರನೊಬ್ಬ ತನ್ನ ಅಧ್ಯಯನ, ಚಿಂತನ, ಮನನಗಳನ್ನು ಎಷ್ಟೇ ಸಂಸ್ಕೃತ ಬೆರೆಸಿ ವಿವರಿಸಿದರೂ ಅದು ಕಟ್ಟಕಡೆಗೆ ಆರಾಮಕುರ್ಚಿಯಲ್ಲಿ ಕೂರುವುದೇ ಎಂಬುದು ಆಕೆಗೆ ಕೂಡಲೇ ಹೊಳೆಯಿತು. ಕೂತು ಕೂತೇ ಬೆನ್ನು ದಣಿದಿದೆ ಎಂದರು.

ಗಿರಿಜೆ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಹಿಡಿದು ನೋಡಿದಳು. "ವರ್ಷಾನಗಟ್ಲೆ ದುಡದಾಕಿ ನಾನು, ದಣದದ್ದು ಇವರ ಬೆನ್ನು ನೋಡ್ರಿ," ಅಂದವಳೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬೇಸಿಗೆಯುದ್ದಕ್ಕೂ ನಾನು ಕಾಣದಿದ್ದ ನಗು. ಹೀಗೆ ಮಾನ ಹೋದದ್ದಕ್ಕೆ ಇಷ್ಟು ಸಂತೋಷಪಟ್ಟ ಗಂಡಸು ನಮ್ಮ ತಾಲ್ಲೂಕಿನಲ್ಲಿ ಮತ್ತೊಬ್ಬನಿರಲಾರ.

ಓದುಗ ಮಿತ್ರರೇ, ಈಗಲೂ ನಮ್ಮ ಮನೆಯಲ್ಲಿ ಬೆಳಗನ್ನು ಸಾರುವುದು ರೊಟ್ಟಿಯ ಸದ್ದೇ. ನನಗೆ ನಿಂತು ಮಾಡುವ ಕೆಲಸ ಬೇಕೆಂದು ವೈದ್ಯೆ ವಿಧಿಸಿದ್ದರಿಂದ ಬಡಿಯುವವನು ಮಾತ್ರ ನಾನು. ಆರಾಮಕುರ್ಚಿಯೀಗ ಗಿರಿಜೆಯ ವಶದಲ್ಲಿದೆ.

"ಅಂಚೆಲ್ಲ ಸೀಳ್ಯಾವ್ರಿ, ಆ ರೊಟ್ಟಿಗೊಂದು ಸ್ಕ್ಯಾನ್ ಮಾಡಸ್ರಿ," ಎನ್ನುತ್ತಾಳೆ, ಚಹಾ ಗುಟುಕರಿಸುತ್ತ. ನಾನು ಲಯ ತಪ್ಪಿದೆನೋ, ಕುರ್ಚಿಯ ಕೈಮೇಲೆ ತನ್ನ ಬಲಗೈಯಿಂದ ಸರಿಯಾದ ತಾಳ ಹಾಕಿ ತೋರಿಸುತ್ತಾಳೆ. ಆ ತಾಳ ಈಗ ಎಲ್ಲೂ ನಿಲ್ಲುವುದಿಲ್ಲ.