ಹಡಗಿನ ಸಾಬರ ನಿದ್ದೆ

ಮೊನ್ನೆ ಮೊಮ್ಮಗಳು ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಳವಳ್ಳಿಯ ನಮ್ಮ ಪಕ್ಕದ ಮನೆಯ ಹಡಗಿನ ಸಾಬರು ಕಣ್ಣ ಮುಂದೆ ಬಂದು ನಿಂತರು...

ನಮ್ಮೂರ ಹತ್ತಿರ, ಹೊಳೆ ನೀರಿನಿಂದ ಕರೆಂಟು ತೆಗೆಯುವ ಬ್ಲಫ್‌ನ ಕರೆಂಟು ಮನೆಯಲ್ಲಿ ಮಿಷನ್ ಕೆಲಸ ಕಲಿತವರು, ದೊಡ್ಡ ಯುದ್ಧ ಶುರುವಾದಾಗ ಬೊಂಬಾಯಿಗೆ ಹೋಗಿ ಹಡಗು ಸೇರಿದರು. ಅಕ್ಕಿ, ಹತ್ತಿ ಸಾಗಿಸುತ್ತಿದ್ದ ಹಡಗಂತೆ ಅದು. ಸರ್ಕಾರದವರು ಅದಕ್ಕೆ ಫಿರಂಗಿ ಕೂರಿಸಿ, ಬೂದು ಬಣ್ಣ ಬಳಿದು, ಗುಂಪಾಗಿ ಹೋಗುವ ಸಾಮಾನಿನ ಹಡಗುಗಳ ಕಾವಲಿಗೆ ಬಿಟ್ಟರು. ಸಾಬರು ಅದರ ತಳದಲ್ಲಿ ಎಂಜಿನ್ನಿಗೆ ಎಣ್ಣೆ ಬಿಡುವವರು. ಅಷ್ಟು ವರ್ಷ ಸಮುದ್ರದಲ್ಲಿದ್ದೂ ಸಮುದ್ರ ನೋಡಿದ್ದು ಕಡಿಮೆ, ಪಾಪ!

ಯುದ್ಧ ಮುಗಿದು ಅವರು ಊರಿಗೆ ಬಂದಾಗ ನಾನು ಹೊಸ ಸೊಸೆ. ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ಮಧ್ಯಾಹ್ನ ಉಂಡು ಸಾಬರು ಮಲಗಿದರೋ ಇಲ್ಲವೋ, ಅಕ್ಕನ ಹೊಲಿಗೆ ಮಿಷನ್ ಟರಟರ ಶುರು. ನಮ್ಮತ್ತೆಗೆ ಸಿಟ್ಟು ನೆತ್ತಿಗೇರಿತು. ನನ್ನನ್ನೂ ಎಳೆದುಕೊಂಡು ಹೋಗಿ ಬಾಗಿಲಲ್ಲೇ ಬೈದರು: "ಏನಮ್ಮಿ, ಗಂಡ ಮನಗವ್ನೆ, ಒಸಿ ಒತ್ತು ಸುಮ್ಕಿರಕ್ಕಾಗಕಿಲ್ವಾ?"

ಅಕ್ಕ ತುಳಿಯುವುದನ್ನು ಬಿಡಲಿಲ್ಲ. ಮಿಷನ್ನಿನಲ್ಲಿ ಬಟ್ಟೆಯೂ ಇರಲಿಲ್ಲ, ದಾರವೂ ಇರಲಿಲ್ಲ.

"ಇದು ನಿಂತ್ರೆ ಎದ್ ಕುಂತ್ಕತಾರೆ ಕಣಮ್ಮ" ಎಂದು ಮೆಲ್ಲಗೆ ಎಲ್ಲ ಹೇಳಿದಳು. ಮುಳುಗಿದ ಹಡಗೊಂದರ ಜನರನ್ನು ನೀರಿನಿಂದ ಎತ್ತಿಕೊಳ್ಳಲು ಇವರ ಹಡಗು ಒಮ್ಮೆ ನಡುಸಮುದ್ರದಲ್ಲಿ ಎಂಜಿನ್ ನಿಲ್ಲಿಸಿತ್ತಂತೆ. ನಿಂತ ಹಡಗಿಗೆ ನೀರೊಳಗಿಂದ ಹೊಡೆಯುವುದು ಶತ್ರುವಿಗೆ ಸುಲಭ. ತಳದಲ್ಲಿದ್ದವರು ಆ ಮೌನದಲ್ಲಿ ಏಟಿಗಾಗಿ ಕಾದರು. ಏಟು ಬೀಳಲಿಲ್ಲ. ಆದರೆ ಅಂದಿನಿಂದ ಎಂಜಿನ್ ಸದ್ದಿಲ್ಲದೆ ಸಾಬರಿಗೆ ಕಣ್ಣು ಹತ್ತುತ್ತಿರಲಿಲ್ಲ.

ಅತ್ತೆಯ ಕಣ್ಣಲ್ಲಿ ನೀರು. "ಏಳವ್ವ, ನಿನ್ ಕಾಲು ಬಿದ್ದೋದಾವು. ಒಸಿ ನಾ ತುಳೀತೀನಿ." ಹೊಲಿಗೆಯ ಗಂಧಗಾಳಿ ಇಲ್ಲದ ನಮ್ಮತ್ತೆ! ಆಮೇಲೆ ಅದು ಎರಡೂ ಮನೆಯ ಕೆಲಸವಾಯಿತು. ಎದ್ದಾಗ ಮಿಷನ್ ಮುಂದೆ ನಮ್ಮನ್ನು ಕಂಡರೆ ಸಾಬರು ನಾಚಿಕೊಂಡು, ತಾವೇ ಟೀ ಕಾಯಿಸಿ ತರುತ್ತಿದ್ದರು.

ಸ್ವಾತಂತ್ರ್ಯ ಬಂದ ವರ್ಷ, ಒಂದು ಮಧ್ಯಾಹ್ನ ನಾನು ತುಳಿಯುತ್ತಿದ್ದೆ. ಒಳಗೆ ಹಾಲು ಉಕ್ಕಿತೆಂದು ಎದ್ದು ಓಡಿದೆ. ಮಿಷನ್ ನಿಂತಿತು. ಸಾಬರು ಏಳಲಿಲ್ಲ.

"ಅಕ್ಕೋ, ಬಾ ಇಲ್ಲಿ! ಸದ್ದಿಲ್ದಿದ್ರೂ ಎಂಗೆ ನಿದ್ದೆ ಬಂದೈತೆ ನೋಡು!" ಎಂದು ಸಂತೋಷದಿಂದ ಕೂಗಿದೆ.

ಹಿತ್ತಲಿಂದ ಬಂದ ಅಕ್ಕ ಅವರ ಎದೆಯ ಮೇಲೆ ಕೈಯಿಟ್ಟು ನೋಡಿದಳು. ಅಲ್ಲೇ ಕುಸಿದು ಕೂತಳು...

ನನ್ನ ಆ ಮಾತು ನನ್ನನ್ನು ಎಷ್ಟು ಸುಟ್ಟಿತೆಂದು ಅಕ್ಕನಿಗೆ ಗೊತ್ತಿತ್ತು. ತಿಂಗಳ ಮೇಲೆ ಅವಳೇ ನನ್ನ ಕೈ ಹಿಡಿದು ಅಂದಳು: "ನೀ ಅಂದಿದ್ದು ದಿಟ ಕಣವ್ವ. ಅವತ್ತು ಅವ್ರು ಎದರ್ಕಳ್ದೆ ಮನಗಿದ್ರು."

ಈಗ ಅಕ್ಕನೂ ಇಲ್ಲ, ನಮ್ಮತ್ತೆಯೂ ಇಲ್ಲ. ಸಾಬರ ನಿದ್ದೆಗೆ ಕಾವಲಿದ್ದವರಲ್ಲಿ ಉಳಿದವಳು ನಾನೊಬ್ಬಳೇ.