ಎರಡು ಮೂತಿಯ ಪೆನ್ನು, ಒಂದು ಗುಲಾಬ್‌ದಾನಿ

ಮೊನ್ನೆ ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಸ್ಟೇಷನರಿ ಅಂಗಡಿಯೊಂದರಲ್ಲಿ ನಿಂತು, ಬಣ್ಣದ ಪೆನ್ನೊಂದರ ಟೋಪಿ ತೆಗೆದು ಮೂಸಿ ನೋಡಿದೆ. ಪೆನ್ನನ್ನು ಯಾರಾದರೂ ಮೂಸಿ ಕೊಳ್ಳುತ್ತಾರೆಯೇ ಎಂದು ನೀವು ಕೇಳಬಹುದು. ಅಂಗಡಿಯವನೂ ಅದೇ ಮುಖ ಮಾಡಿದ. ತುಪ್ಪ, ಅಗರಬತ್ತಿ, ಮಾವಿನಹಣ್ಣು ಏನೇ ಕೊಂಡರೂ ಮೊದಲು ಮೂಗಿಗೆ ಹಿಡಿಯುವುದು ನಮ್ಮ ಮನೆತನದ ಪದ್ಧತಿ. ನಾನು ಅದನ್ನು ಪೆನ್ನಿನವರೆಗೆ ತಂದಿದ್ದೇನೆ, ಅಷ್ಟೆ. ತಂಗಿಯ ಮಗಳಿಗೆ ಎರಡು ಮೂತಿಯ ಬಣ್ಣದ ಪೆನ್ನುಗಳು ಬೇಕಾಗಿದ್ದವು. ಒಂದು ತುದಿ ಸಣ್ಣ ಗೆರೆಗೆ, ಇನ್ನೊಂದು ಕುಂಚದ ಹಾಗೆ ಮೆತ್ತಗೆ. “ಮಾಮಾಗ ಚಿತ್ರದ್ದೆಲ್ಲಾ ಗೊತ್ತದ, ಅವರೇ ಆರಿಸಲಿ” ಎಂದಳಂತೆ ಹುಡುಗಿ. ಪಾಪ, ಅವಳಿಗೆ ಇತಿಹಾಸ ತಿಳಿಯದು. ಟೋಪಿಯೊಳಗಿನ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ಅದರ ಬೆನ್ನಿಗೇ ಪನ್ನೀರಿನ ವಾಸನೆಯೂ ಬಂದಂತಾಯಿತು. ಅಂಗಡಿಯಲ್ಲಿ ಪನ್ನೀರು ಇರಲಿಲ್ಲ.

ನನಗೆ ಚಿತ್ರದ್ದೆಲ್ಲ ಗೊತ್ತು ಎಂಬ ಸುದ್ದಿ ಹುಟ್ಟಿದ್ದು ಕಮಲಾಪುರದ ಶಾಲೆಯಲ್ಲಿ. ಕೆಂಪು ಬಾಳೆಹಣ್ಣಿನ ಊರಿನ ಹುಡುಗ ಮತ್ತೇನು ಬರೆದಾನು? ಒಂದು ಗೊನೆ ಬರೆದೆ, ಬಹುಮಾನ ಬಂತು. ತೀರ್ಪುಗಾರರು ಹೊರಗಿನವರು. “ಬದನೆಕಾಯಿ ಭಾಳ ಜೀವಂತ ಬಂದಾವ” ಎಂದು ಬೆನ್ನು ತಟ್ಟಿದರು. ನಾನು ತಿದ್ದಲು ಹೋಗಲಿಲ್ಲ. ಅಂದಿನಿಂದ ಮನೆಯಲ್ಲಿ ನಾನು ಕಲಾವಿದ. ಹೊಸ ಸೈಕಲ್ಲಿಗೆ ಹೆಸರು ಬರೆಯಬೇಕೆ, ಹಿಟ್ಟಿನ ಡಬ್ಬಿಗೆ ಹೂ ಬಿಡಿಸಬೇಕೆ, ಕರೆಯಿರಿ ನನ್ನನ್ನು. ಕಲೆಯ ಬಗ್ಗೆ ನನಗೆ ಇದ್ದ ಒಂದೇ ಅನುಮಾನವೆಂದರೆ ಊರು ನನ್ನನ್ನು ಸಾಕಷ್ಟು ಬಳಸಿಕೊಳ್ಳುತ್ತಿಲ್ಲ ಎಂಬುದು.

ತಂಗಿ ಮಾದೇವಿಗೆ ಮಾತು ತಡೆಯುತ್ತಿತ್ತು. ಕೆಲವು ಅಕ್ಷರಗಳು ಅವಳ ತುಟಿಯ ಮೇಲೆ ಬಂದು ಕೂತುಬಿಡುತ್ತಿದ್ದವು, ಅದರಲ್ಲೂ ಮಾತಿನ ಮೊದಲಿಗೇ ಬರುವ ‘ಬ’. ನಾನು ಅಣ್ಣನಲ್ಲವೇ? ಅವಳು ಶುರು ಮಾಡಿದ ಮಾತನ್ನು ಮುಗಿಸಿಕೊಡುವುದನ್ನು ಸೇವೆಯೆಂದು ನಂಬಿದ್ದೆ. ಅವಳು “ಬ…” ಎಂದರೆ ಸಾಕು, ನಾನು “ಬಕೀಟು!” ಎಂದು ಓಡಿಹೋಗಿ ತಂದಿಡುತ್ತಿದ್ದೆ. ಅವಳು ಬಳೆ ಕೇಳಿರುತ್ತಿದ್ದಳು. ಬಕೀಟನ್ನೂ ನನ್ನನ್ನೂ ಒಮ್ಮೆ ನೋಡಿ, ಬಳೆಯ ಆಸೆ ಬಿಟ್ಟು ಒಳಗೆ ಹೋಗುತ್ತಿದ್ದಳು. ಎಂಥ ಶಾಂತ ಹುಡುಗಿ ಎಂದು ನಾನು ಊರ ತುಂಬ ಹೇಳುತ್ತಿದ್ದೆ.

ಅವಳ ಲಗ್ನ ಗೊತ್ತಾದಾಗ ನಾನು ಕಲಬುರಗಿಯಲ್ಲಿ ಗುಮಾಸ್ತನಾಗಿದ್ದೆ. ಆಗಿನ್ನೂ ಬಸ್ಸಿನ ಬೋರ್ಡಿನ ಮೇಲೆ ಗುಲ್ಬರ್ಗಾ. ಐವಾನ್-ಎ-ಶಾಹಿಯ ಹತ್ತಿರ ಒಂದು ಕೋಣೆ ಹಿಡಿದಿದ್ದೆ. ಶನಿವಾರ ಊರಿಗೆ ಹೋದಾಗ ಮಾದೇವಿ ನನ್ನನ್ನು ಹಿತ್ತಲಿಗೆ ಕರೆದಳು.

“ಅಣ್ಣಾ, ರುಖವತದಾಗ ಒಡಪು ಹೇಳಂತಾರ. ನನ್ನ ಕೈಲೆ ಆಗಂಗಿಲ್ಲ.”

ರುಖವತ ಎಂದರೆ ಹೆಣ್ಣಿನ ಕಡೆಯವರು ಮದುವೆಯ ದಿನ ಒಂದು ಕೋಣೆಯಲ್ಲಿ ಜೋಡಿಸಿಡುವ ಕೈಕೆಲಸ, ಸಿಹಿತಿಂಡಿಗಳ ಪ್ರದರ್ಶನ. ಬೀಗರ ಕಡೆಯ ಹೆಂಗಸರು ಬಂದು ನೋಡುತ್ತಾರೆ, ಮುಟ್ಟುತ್ತಾರೆ, ಮನಸ್ಸಿನಲ್ಲೇ ಅಂಕ ಹಾಕುತ್ತಾರೆ. ಕೊನೆಗೆ ಮದುಮಗಳು ಗಂಡನ ಹೆಸರನ್ನು ಒಂದು ಪ್ರಾಸದಲ್ಲಿ ಸೇರಿಸಿ ಒಡಪು ಹೇಳಬೇಕು. ಗಂಡಿನ ಹೆಸರು ಬಸವರಾಜ. ಹೋಗಲಿ, ಶಿವಪ್ಪ, ಮಲ್ಲಪ್ಪ ಏನಾದರೂ ಆಗಬಾರದಿತ್ತೇ?

“ಅವರ ಮಂದಿ ಮುಂದ ಸಿಕ್ಕೊಂಡ್ರ ನಗತಾರ. ಮದಲನೇ ದಿನಾನೇ ನಗಿಸಿಕೊಂಡು ಆ ಮನಿಗಿ ಹ್ಯಾಂಗ ಹೋಗ್ಲಿ?” ಎಂದಳು. “ಒಡಪು ನಾನೇ ಕಟ್ಟೀನಿ. ನೀ ಹಲಗಿ ಮ್ಯಾಲ ಚಂದಂಗ ಬರದು ಕೊಡು. ಓದಿಕೊಳ್ಳಲಿ.”

ನನ್ನ ಎದೆ ಉಬ್ಬಿತು. ಅವಳ ಕಣ್ಣಲ್ಲಿದ್ದ ಹೆದರಿಕೆಯನ್ನು ನೋಡಿದೆ ನಿಜ. ಆದರೆ ಅದಕ್ಕಿಂತ ಮೊದಲು ಹಲಗೆಯ ಅಳತೆಯನ್ನು ಯೋಚಿಸಿದೆ. ಸುತ್ತ ಕೆಂಪು ಬಾಳೆಯ ಗೊನೆಗಳು, ನಡುವೆ ದಪ್ಪ ಅಕ್ಷರ.

ಇನ್ನು ಪೆನ್ನಿನ ಮಾತು. ಸ್ಟೇಷನ್ ರಸ್ತೆಯ ದೊಡ್ಡ ಅಂಗಡಿಯೊಂದರಲ್ಲಿ ಎರಡು ಮೂತಿಯ ಪೆನ್ನುಗಳನ್ನು ಮೊದಲ ಸಲ ಕಂಡೆ. ಗಾಜಿನ ಕಪಾಟಿನೊಳಗೆ ಒಡವೆ ಇಟ್ಟ ಹಾಗೆ ಇಟ್ಟಿದ್ದರು. ಬೆಲೆ ಕೇಳಿ, ಕೇಳಲೇ ಇಲ್ಲವೆಂಬಂತೆ ಫ್ಯಾನಿನ ಕಡೆ ನೋಡಿದೆ. ಇದು ಶ್ರೀಮಂತರನ್ನು ಮೂರ್ಖರನ್ನಾಗಿ ಮಾಡುವ ತಂತ್ರ, ನಾನು ಬೀಳುವವನಲ್ಲ ಎಂದುಕೊಂಡು ಹೊರಬಿದ್ದು, ಊರೆಲ್ಲ ಸುತ್ತಿ ದರ್ಗಾ ಇರುವ ರೋಜಾಕ್ಕೆ ಹೋದೆ. ಉರುಸಿನ ಗದ್ದಲ. ಬಳೆ, ಅತ್ತರು, ಆಟಿಕೆಗಳ ನಡುವೆ ಒಂದು ತಳ್ಳುಗಾಡಿಯ ಮೇಲೆ ಅದೇ ಎರಡು ಮೂತಿಯ ಪೆನ್ನುಗಳ ಡಬ್ಬಿ, ಅಗ್ಗಕ್ಕೆ.

“ಲೇ ಲೋ ಸಾಬ್, ದೋನೋ ಬಾಜೂ ಚಲ್ತಾ. ಎರಡೂ ಕಡಿ ಬರೀತದ್ರಿ.”

ನಾನು ಸುಲಭಕ್ಕೆ ಒಪ್ಪುವವನೆ? ಪರೀಕ್ಷೆಗೆಂದು ಅವನು ಒಂದು ಕಾಗದ ಕೊಟ್ಟ. ಪೆನ್ನು ಪರೀಕ್ಷಿಸುವ ಮನುಷ್ಯ ತನ್ನ ಹೆಸರನ್ನೇ ಬರೆಯುತ್ತಾನೆ, ಗಮನಿಸಿದ್ದೀರಾ? ಆ ಕಾಗದದ ತುಂಬ ಯಾರ್ಯಾರದೋ ಹೆಸರು, ಕನ್ನಡದಲ್ಲಿ, ಉರ್ದುವಿನಲ್ಲಿ. ನಾನೂ ನನ್ನ ಹೆಸರನ್ನು ಬಣ್ಣಬಣ್ಣದಲ್ಲಿ ಬರೆದು, ತಲೆ ವಾಲಿಸಿ ನೋಡಿ, ಮೆಚ್ಚಿದೆ. ಮೂಸಿಯೂ ನೋಡಿದೆ. ಕೊನೆಗೆ ಜಾಣನ ಪ್ರಶ್ನೆಯೊಂದು ಇರಲಿ ಎಂದು, “ಬಣ್ಣ ಹೋಗಂಗಿಲ್ಲ ಹೌದಿಲ್ರಿ?” ಎಂದೆ.

“ಅಳಸಿದ್ರ ಹೋಗ್ತದ. ಸುಮ್ನಿದ್ರ ಯಾಕ ಹೋಗ್ತದ ಸಾಬ್?”

ಇಷ್ಟು ಪ್ರಾಮಾಣಿಕ ವ್ಯಾಪಾರಿ ಸಿಕ್ಕನಲ್ಲ ಎಂದು ಖುಷಿಯಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದವರಿಗೆ ಕಾಣುವ ಹಾಗೆ ತೆರೆದು ಮುಚ್ಚಿ ಮಾಡಿದೆ.

ಹಲಗೆಗೆ ಬಿಳಿ ಕಾಗದ ಅಂಟಿಸಿ ಬರೆಯಲು ಕೂತೆ. ನಮ್ಮೂರ ಬಾಳೆಯ ಬಣ್ಣ ಡಬ್ಬಿಯಲ್ಲಿ ಇರಲಿಲ್ಲ. ಕೆಂಪಿನ ಮೇಲೆ ಕಂದು ತಿಕ್ಕಿ, ಅದರ ಮೇಲೆ ಮತ್ತೆ ಕೆಂಪು ತಿಕ್ಕಿ ಹೊಂದಿಸಿದೆ. ನಡುವೆ ಮಾದೇವಿಯ ಒಡಪು:

ಕಮಲಾಪುರದ ಕೆಂಪು ಬಾಳಿ ತೋಟಕ್ಕೆಲ್ಲ ಶೃಂಗಾರ,
ಬಸವರಾಜರ ಮಾತು ನನಗ ಹತ್ತು ತೊಲಿ ಬಂಗಾರ.

ಮಾದೇವಿ ಅದನ್ನು ಬಹಳ ಹೊತ್ತು ನೋಡಿದಳು. “ಚಂದ ಆಗ್ಯಾದಣ್ಣಾ” ಎಂದಳು. ಬಹಳ ದಿನಗಳ ಮೇಲೆ ಅವಳು ನಿರಾಳವಾಗಿ ಉಸಿರು ಬಿಟ್ಟದ್ದು ನನಗೂ ಕೇಳಿಸಿತು.

ಮದುವೆಯ ದಿನ ರುಖವತದ ಕೋಣೆಯ ಬಾಗಿಲಲ್ಲಿ ಗುಲಾಬ್‌ದಾನಿ ಹಿಡಿದು ಬೀಗರ ಮೇಲೆ ಪನ್ನೀರು ಚಿಮುಕಿಸುವ ಕೆಲಸ ಕಾಕಾನದು. ನಾನು ಅದನ್ನು ಅವನ ಕೈಯಿಂದ ಕಸಿದುಕೊಂಡೆ. ಯಾಕೆಂದರೆ ಹಲಗೆ ಬಾಗಿಲ ಪಕ್ಕದಲ್ಲೇ ಇತ್ತು. ಯಾರಾದರೂ “ಇದನ್ನ ಯಾರು ಬರದಾರ?” ಎಂದು ಕೇಳಿದಾಗ ಬರೆದವನು ದೂರದಲ್ಲಿ ಇರಬಾರದಲ್ಲ. ಬೀಗಿತಿ ನೀಲಮ್ಮ, ಅಂದರೆ ಬಸವರಾಜನ ತಾಯಿ, ತಮ್ಮ ಕಡೆಯ ಹೆಂಗಸರೊಂದಿಗೆ ಬಂದರು. ನಾನು ಬೆಳ್ಳಿಯ ಗುಲಾಬ್‌ದಾನಿಯನ್ನು ಎತ್ತೆತ್ತಿ ಜಾಡಿಸಿದೆ. ಸ್ವಾಗತದಲ್ಲಿ ನಾವು ಯಾರಿಗೇನು ಕಡಿಮೆ? ಬೀಗರ ಮೇಲೆ ಬಿದ್ದದ್ದು ಸ್ವಲ್ಪ, ಉಳಿದದ್ದೆಲ್ಲ ಹಲಗೆಯ ಮೇಲೆ.

ಮೊದಲು ಗೊನೆಯ ತುದಿಯಿಂದ ಒಂದು ಕೆಂಪು ಹನಿ ಇಳಿಯಿತು. ಅದು ‘ಬಂಗಾರ’ದವರೆಗೆ ಬಂದು, ಅದನ್ನೂ ಕರೆದುಕೊಂಡು ಕೆಳಗೆ ಹೋಯಿತು. ಆಮೇಲೆ ಎಲ್ಲ ಅಕ್ಷರಗಳೂ ಕೈ ಬಿಟ್ಟವು. ರೋಜಾದ ವ್ಯಾಪಾರಿ ನನಗೆ ಸುಳ್ಳು ಹೇಳಿರಲಿಲ್ಲ. ಸುಮ್ಮನಿದ್ದರೆ ಬಣ್ಣ ಹೋಗುತ್ತಿರಲಿಲ್ಲ. ಸುಮ್ಮನಿರುವುದು ನನ್ನ ಜಾಯಮಾನವಲ್ಲ.

ಗಂಡಿನ ಸೋದರತ್ತೆ ಹಲಗೆಯ ಹತ್ತಿರ ಬಗ್ಗಿ ನೋಡಿದರು. “ಏನು ಬರದೀರಿ ತಮ್ಮಾ? ಬದನಿಕಾಯಿ ಕಾಣಸ್ತಾವ, ಹೆಸರು ಕಾಣಸವಲ್ದು.” ಆಮೇಲೆ ಮಾದೇವಿಯ ಕಡೆ ತಿರುಗಿ, “ಹಲಗಿ ಯಾಕ ಬೇಕವಾ, ಬಾಯಿಲೇ ಹೇಳು” ಎಂದರು.

ಮಾದೇವಿ ನನ್ನ ಕಡೆ ನೋಡಿದಳು. ನಾನು ಗುಲಾಬ್‌ದಾನಿಯನ್ನು ಎದೆಗವುಚಿಕೊಂಡು ಮುಂದೆ ಬಂದೆ. “ನಾ ಹೇಳ್ತೇನ್ರಿ. ನನಗ ಬಾಯಿಪಾಠ ಅದ.”

“ನೀ ಸುಮ್ನಿರು ತಮ್ಮಾ” ಎಂದರು ನೀಲಮ್ಮ. “ನಮ್ಮ ಹುಡುಗನ್ನ ಲಗ್ನ ಮಾಡಿಕೊಳ್ಳಾಕತ್ತಿದ್ದು ನೀನೇನು?”

ಕೋಣೆಯೆಲ್ಲ ನಕ್ಕಿತು, ನನ್ನನ್ನು ನೋಡಿ. ಬರಿಯ ನನ್ನನ್ನು ನೋಡಿ. ಆ ನಗು ಅಡಗುವುದರೊಳಗೆ ಮಾದೇವಿ ಶುರು ಮಾಡಿದ್ದಳು. ಕೆಂಪು ಬಾಳೆ, ತೋಟ, ಶೃಂಗಾರ ಎಲ್ಲ ದಾಟಿದಳು. “ಬ…” ಎಂದು ನಿಂತಳು. “ಬ… ಬ…” ಕುತ್ತಿಗೆಯ ನರ ಬಿಗಿಯಿತು. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಸೋದರತ್ತೆ ಆಗಲೇ “ಬಸ…” ಎಂದು ಹೇಳಿಕೊಡಲು ಹೋದರು. ನೀಲಮ್ಮ ಅಂಗೈ ಎತ್ತಿದರು.

“ಯಾರೂ ಹೇಳಿಕೊಡಬ್ಯಾಡ್ರಿ. ಅಕಿನೇ ಹೇಳ್ತಾಳ.”

ಎಲ್ಲರೂ ಕಾದರು. ನಾನೂ ಕಾದೆ, ಹುಟ್ಟಿದ ಮೇಲೆ ಮೊದಲ ಸಲ. ನಾನು ಮಧ್ಯೆ ಬರದಿದ್ದರೆ ತಂಗಿಯ ಮಾತು ಎಷ್ಟು ದೂರ ಹೋಗಬಲ್ಲದು ಎಂಬುದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

“ಬಸವರಾಜರ ಮಾತು ನನಗ ಹತ್ತು ತೊಲಿ ಬಂಗಾರ” ಎಂದಳು ಮಾದೇವಿ.

ನೀಲಮ್ಮ ಅವಳ ಗದ್ದ ಹಿಡಿದು, “ಸಾವಕಾಶ ಹೇಳವಾ. ನಮ್ಮ ಮನ್ಯಾಗ ಯಾರಿಗೂ ಅವಸರಿಲ್ಲ” ಎಂದರು. ನನಗೆ ಅಳು ಬಂತು. ಯಾರಿಗೂ ಕಾಣದಿರಲೆಂದು ಗುಲಾಬ್‌ದಾನಿಯನ್ನು ನನ್ನ ಮುಖದ ಮೇಲೆಯೇ ಜಾಡಿಸಿಕೊಂಡೆ. ಅದರಲ್ಲಿ ಪನ್ನೀರು ಮುಗಿದಿತ್ತು.

ಹೀಗಿದ್ದ ನಾನು ಮೊನ್ನೆ ಪೆನ್ನು ಆರಿಸಲು ನಿಂತಿದ್ದೆ ನೋಡಿ. ಈ ಸಲ ಮೋಸ ಹೋಗಬಾರದೆಂದು ಹಾಳೆಯ ಮೇಲೆ ಗೆರೆ ಎಳೆದು, ಅಂಗಡಿಯವನ ಬಾಟಲಿಯಿಂದ ಒಂದು ಹನಿ ನೀರು ಬಿಟ್ಟೆ. ಬಣ್ಣ ಹರಡಿತು. “ನೋಡ್ರಿ ಇಲ್ಲಿ, ಹರಡ್ತದ!” ಎಂದೆ, ಕಳ್ಳನನ್ನು ಹಿಡಿದವನ ಹಾಗೆ.

“ಹರಡ್ಲಿಕ್ಕೇ ಇರೋದ್ರಿ ಸರ್ ಇವು. ಹುಡುಗ್ರು ಅದನ್ನೇ ಕೇಳ್ತಾರ. ಹರಡಲಾರದ್ದು ಸಸ್ತಾ ಅದಾವ, ಕೊಡ್ಲೇನು?”

ಅಂದು ನಾನು ಅಗ್ಗಕ್ಕೆ ತಂದು ಮಾನ ಕಳೆದುಕೊಂಡ ಗುಣವೇ ಈಗ ತುಟ್ಟಿಯಾಗಿ ಕಪಾಟು ಸೇರಿತ್ತು. ತೆಪ್ಪಗೆ ಡಬ್ಬಿ ಕಟ್ಟಿಸುತ್ತಿರುವಾಗ ಮಾದೇವಿಯ ಫೋನು ಬಂತು. ಸ್ಪೀಕರ್ ಹಾಕಿ ಗಲ್ಲಾದ ಮೇಲಿಟ್ಟೆ.

“ಅಣ್ಣಾ, ಡಬ್ಬಿ ಜೋಡಿ ಒಂದು ಬಿಡಿ ಪೆನ್ನು ಬೇಕಂತ ನೋಡು. ಬ… ಬ…”

“ಬಿಳೀದೇನ್ರಿ?” ಎಂದ ಅಂಗಡಿಯವನು. “ಬ್ರೌನೇನ್ರಿ?” ಎಂದು ಇನ್ನೊಂದನ್ನು ಎತ್ತಿದ. ಬೆನ್ನ ಹಿಂದೆ ಗಿರಾಕಿಯೊಬ್ಬ ಕೆಮ್ಮಿದ. ನಾನು ಅಂಗೈ ಎತ್ತಿ ಸುಮ್ಮನೆ ನಿಂತೆ.

“ಬಾಳಿಹಣ್ಣಿನ ಬಣ್ಣದ್ದು, ಅಣ್ಣಾ. ನಮ್ಮೂರ ಕೆಂಪು ಬಾಳೀದು.”

ಕಾಯದಿದ್ದರೆ ನಾನು ಬಿಳಿಯದನ್ನು ಕೊಂಡು ಮನೆಗೆ ಹೋಗಿರುತ್ತಿದ್ದೆ. “ಅಂಥ ಬಣ್ಣ ಬರಂಗಿಲ್ರಿ” ಎಂದ ಅಂಗಡಿಯವನು. ಒಂದು ಸ್ಟೂಲು ಕೇಳಿ ಕುಳಿತು, ಕೆಂಪು ಬಣ್ಣದ ಪೆನ್ನುಗಳ ಟೋಪಿಗಳನ್ನು ಒಂದೊಂದಾಗಿ ತೆಗೆಯತೊಡಗಿದೆ. ನನಗೂ ಅವಸರವಿರಲಿಲ್ಲ.