ಟ್ರಾಕ್ಟರಿಗೆ ಹೊಂದುವ ಮಷಿನ್

ನಮ್ಮ ಮನೆಯಲ್ಲಿ ಇಬ್ಬರಿಗೆ ಯಾರೂ ಎದುರು ಮಾತಾಡುವಂತಿಲ್ಲ. ಒಬ್ಬರು ನಮ್ಮನೆಯವರು, ಇನ್ನೊಂದು ಅವರ ಟ್ರಾಕ್ಟರ್. ಇಬ್ಬರಿಗೂ ಬೆಳಿಗ್ಗೆ ಏಳುವಾಗ ಕೆಮ್ಮು, ಇಬ್ಬರಿಗೂ ಏರು ಕಂಡರೆ ಏದುಸಿರು. ಟ್ರಾಕ್ಟರ್ ತನ್ನ ಯೌವನವನ್ನೆಲ್ಲ ಹಾವೇರಿ ಕಡೆಯ ಯಾರದೋ ಹೊಲದಲ್ಲಿ ಕಳೆದು, ಮುಪ್ಪು ಕಳೆಯುವುದಕ್ಕೆ ಹುಲಗೋಳದ ಹತ್ತಿರದ ನಮ್ಮ ಮನೆ ಹುಡುಕಿಕೊಂಡು ಬಂದದ್ದು. ಅದರ ಮಡ್‌ಗಾರ್ಡ್ ಅಲುಗಾಡಿದರೆ ಇವರಿಗೆ ಊಟ ಸೇರುವುದಿಲ್ಲ. ನನಗೆ ಮೊಣಕಾಲು ನೋವೆಂದರೆ ಮಾತ್ರ, "ಎಣ್ಣೆ ಹಚ್ಕ್ಯ" ಎಂದು ಒಂದೇ ಮಾತಿನಲ್ಲಿ ಚಿಕಿತ್ಸೆ ಮುಗಿಯುತ್ತದೆ.

ನನ್ನ ಪಕ್ಷದಲ್ಲಿ ಇದ್ದದ್ದು ಮೂರು ದನ. ಕರಿ ಬಣ್ಣದ ಮುದಿ ಆಕಳು, ಹಾಲು ಕೊಡುತ್ತಿದ್ದ ಅದರ ಮಗಳು, ಆ ಮಗಳ ಮಗಳಾದ ಒಂದು ಕಡಸು. ಬೇಸಿಗೆಯಲ್ಲಿ ಇವುಗಳ ಹೊಟ್ಟೆ ತುಂಬಿಸುವುದು ಕರಡ. ಮನೆಯ ಮೇಲ್ಬದಿಗೆ ನಮ್ಮದೊಂದು ಬೇಣ ಇದೆ, ಹುಲ್ಲಿಗೆಂದೇ ಬಿಟ್ಟ ಗುಡ್ಡ. ಅಲ್ಲಿ ಮಳೆಗಾಲದಲ್ಲಿ ಎದೆಯೆತ್ತರ ಬೆಳೆದ ಹುಲ್ಲು ದೀಪಾವಳಿ ಕಳೆಯುತ್ತಲೇ ಒಣಗಿ ಕರಡವಾಗುತ್ತದೆ. ಬುಡಕ್ಕೆ ಕತ್ತಿ ಹಾಕಿ ಕೊಯ್ದು, ಹೊರೆ ಕಟ್ಟಿ ತಂದು, ಬಣವೆ ಒಟ್ಟಿಬಿಟ್ಟರೆ ಮುಂದಿನ ಮಳೆಯವರೆಗೆ ಚಿಂತೆಯಿಲ್ಲ. ಕೊಯ್ಯುವವರು ಇಲ್ಲ, ಅಷ್ಟೇ. ಮೊದಲು ಬರುತ್ತಿದ್ದ ಹೆಂಗಸರಿಗೆ ವಯಸ್ಸಾಯಿತು. ಅವರ ಸೊಸೆಯಂದಿರು ಶಿರಸಿಯ ಅಂಗಡಿಗಳಲ್ಲಿ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಫ್ಯಾನ್ ಸಿಕ್ಕಿದ್ದರೆ ನಾನೂ ಹೋಗುತ್ತಿದ್ದೆ.

ಒಂದು ವರ್ಷ ಮಳೆಗಾಲದ ನಡುವೆ ಊಟಕ್ಕೆ ಕೂತಾಗ ಇವರು ತೀರ್ಪು ಕೊಟ್ಟರು. "ಈ ಸಲ ಕರಡ ಆಗದೇ ಹೋದ್ರೆ ದನ ಕೊಟ್‌ಬಿಡದೇಯ. ಯಂಗೂ ಆಗ್ತಿಲ್ಲೆ, ನಿಂಗೂ ಆಗ್ತಿಲ್ಲೆ."

ಮಜ್ಜಿಗೆ ಬಡಿಸುತ್ತಿದ್ದ ಸೌಟು ಕೈಯಲ್ಲೇ ನಿಂತಿತು. ಆ ಮುದಿ ಆಕಳು ಕರುವಾಗಿದ್ದಾಗ ಅದಕ್ಕೆ ಬೆರಳು ಚೀಪಿಸಿ ಹಾಲು ಕುಡಿಯುವುದನ್ನು ಕಲಿಸಿದವಳು ನಾನು. ಸಿಟ್ಟು ನೆತ್ತಿಗೇರಿತು. "ಅಷ್ಟು ದೊಡ್ಡ ಟ್ರಾಕ್ಟರ್ ಇದ್ದಲ! ಅದ್ರ ಹಿಂದೆ ಎಂತಾದ್ರೂ ಕಟ್ಟಿ ಹುಲ್ಲು ಕೊಯ್ಯಲೆ ಬತ್ತಿಲ್ಯ? ಶೃಂಗಾರಕ್ಕೆ ಇಟ್ಕಂಡಿದ್ರ ಅದನ್ನ?" ಎಂದುಬಿಟ್ಟೆ.

ನಾನು ಬೈದದ್ದು. ಇವರಿಗೆ ಅದು ವರದಾನದ ಹಾಗೆ ಕೇಳಿಸಿತು. ಇಷ್ಟು ವರ್ಷಗಳಲ್ಲಿ ಹೆಂಡತಿ ತಾನಾಗಿಯೇ ಟ್ರಾಕ್ಟರಿನ ಹೆಸರೆತ್ತಿ, ಅದರಿಂದ ಒಂದು ಉಪಯೋಗವಾದೀತು ಎಂದು ಒಪ್ಪಿಕೊಂಡಿದ್ದಾಳೆ! ಮಜ್ಜಿಗೆ ಅನ್ನ ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದು ಫೋನ್ ಹಿಡಿದರು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ನಡೆದದ್ದು ಮದುವೆ ಮಾತುಕತೆ. ವರ, ಮುದಿ ಟ್ರಾಕ್ಟರ್. ವಧು, ಹುಲ್ಲು ಹೊಡೆಯುವ ರೋಟರಿ ಮಷಿನ್. ದೊಡ್ಡ ತಟ್ಟೆಯ ಕೆಳಗೆ ಬ್ಲೇಡು ಗರಗರ ತಿರುಗುವಂಥದ್ದು, ಟ್ರಾಕ್ಟರಿನ ಹಿಂದೆ ತಿರುಗುವ ಶಾಫ್ಟಿಗೆ ಸಿಕ್ಕಿಸಿದರೆ ಆಯಿತು. ಮಧ್ಯಸ್ಥಿಕೆಗೆ ವಜ್ರಳ್ಳಿಯಿಂದ ನನ್ನ ಅಣ್ಣ ಬಂದ. ಅಣ್ಣ ಜನ್ಮದಲ್ಲಿ ಟ್ರಾಕ್ಟರ್ ಹೊಡೆದವನಲ್ಲ, ಆದರೆ ಫೋನಿನಲ್ಲಿ ಜಗತ್ತಿನ ಎಲ್ಲ ಟ್ರಾಕ್ಟರುಗಳನ್ನೂ ನೋಡಿದ್ದಾನೆ. ಭಾವ ಭಾವ ಕೂತು ಮೇಳಾಮೇಳಿ ನೋಡತೊಡಗಿದರು. ಇದಕ್ಕೆ ಎಷ್ಟು ಎಚ್‌ಪಿ ಇದೆ, ಅದಕ್ಕೆ ಎಷ್ಟು ಬೇಕು, ಇದು ಎಷ್ಟು ಭಾರ ಎತ್ತೀತು, ಅದು ಎಷ್ಟು ಭಾರ ತೂಗೀತು. ನನ್ನ ಹೊಲಿಗೆ ಡಬ್ಬಿಯ ಟೇಪು ಮಾಯವಾಯಿತು. ಹುಡುಕಿಕೊಂಡು ಹೋದರೆ ಇಬ್ಬರೂ ಟ್ರಾಕ್ಟರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಅದರ ಸೊಂಟದ ಅಳತೆ ತೆಗೆಯುತ್ತಿದ್ದರು. ನನ್ನ ಮದುವೆಯಲ್ಲಿ ರವಿಕೆಗೂ ಯಾರೂ ಅಷ್ಟು ಶ್ರದ್ಧೆಯಿಂದ ಅಳತೆ ಹಿಡಿದಿರಲಿಲ್ಲ.

ಶಿರಸಿಯ ಮಷಿನ್ ಅಂಗಡಿಗೆ ನಾನೂ ಹೋದೆ. ದನ ನನ್ನವು, ಬಿಟ್ಟುಕೊಡುವುದುಂಟೆ? ಅಂಗಡಿಯವರು ಬನವಾಸಿ ಕಡೆಯವರು, ಮಾತು ಬೆಲ್ಲದಂಥದ್ದು. "ಬರ್ರಿ ಬರ್ರಿ ಯಜಮಾನ್ರ, ಅಕ್ಕಾರ ಕೂಡ್ರಿ" ಎಂದು ಚಹಾ ತರಿಸಿ, ನೇರ ಆರಡಿ ಅಗಲದ ಮಷಿನ್ನಿನ ಮುಂದೆ ನಿಲ್ಲಿಸಿದರು. "ತಗೊಳ್ಳೋದಾದ್ರ ದೊಡ್ಡದ ತಗೋರಿ. ಎಲ್ಲಾರೂ ಇದನ್ನ ಒಯ್ಯಾಕ್ಹತ್ಯಾರ."

ಇವರು ಆ ಆರಡಿಯನ್ನು ನೋಡಿದ ನೋಟ ನೋಡಬೇಕಿತ್ತು. ಬಣ್ಣ ಬೇರೆ ಕೆಂಪು. ಹಿಂದೆ ಅಷ್ಟು ಭಾರ ಎತ್ತಿದರೆ ನಮ್ಮ ಮುದುಕ ಮುಂದಿನ ಚಕ್ರ ಮೇಲೆತ್ತಿ ಆಕಾಶ ನೋಡುತ್ತದೆ ಎಂದು ಅಣ್ಣ ಕಿವಿಯಲ್ಲಿ ಊದಿದ. ಫೋನ್ ನೋಡಿದ್ದು ಒಮ್ಮೆಯಾದರೂ ಸಾರ್ಥಕವಾಯಿತು. "ಹಿಂದಿನ ಚಕ್ರದ ಅಗಲ ಮುಚ್ಚಿದ್ರೆ ಸಾಕು, ಐದಡಿದು ತೋರ್ಸಿ" ಎಂದೆ ನಾನು. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾರು ಭಾರೀ ಶಾಣ್ಯಾರದಾರ್ರಿ" ಎಂದು ಇವರಿಗೆ ಹೇಳಿದರು. ನಿಜ ಹೇಳುತ್ತೇನೆ, ಉಬ್ಬಿಹೋದೆ.

ಓಡಿಸಿ ನೋಡಲೆಂದು ಐದಡಿಯ ಮಷಿನ್ನನ್ನು ಅಂಗಡಿಯವರೇ ನಮ್ಮಲ್ಲಿಗೆ ತಂದರು. ನವರಾತ್ರಿಯ ಹೊತ್ತು, ಬೇಣ ಇನ್ನೂ ಹಸಿರಿತ್ತು. ಬೇಣದ ಕೆಳಗಿನ ಅಂಚಿನಲ್ಲಿ ಒಂದು ಸಾಲು ಹೊಡೆದಾಯಿತು. ತಿರುಗಿಸುವ ಜಾಗದಲ್ಲಿ ನಿಲ್ಲಿಸಲು ಇವರು ಕ್ಲಚ್ ಒತ್ತಿದರು. ಟ್ರಾಕ್ಟರ್ ನಿಲ್ಲಲಿಲ್ಲ. "ನಿಲ್ಲೇ! ನಿಲ್ಲೇ!" ಎಂದು ದನಕ್ಕೆ ಹೇಳುವ ಹಾಗೆ ಕೂಗಿದರು. ಅದು ಯಾರಪ್ಪನ ಮಾತೂ ಕೇಳದೆ ಗಂಭೀರವಾಗಿ ಮುಂದುವರಿದು, ಗೊಬ್ಬರದ ಗುಂಡಿಗೆ ಮೂತಿ ಇಳಿಸಿ ನಿಂತಿತು. ಅಣ್ಣ ವಿಡಿಯೋ ಮಾಡುತ್ತಿದ್ದವನು ಕೊನೆಯವರೆಗೂ ಕೈ ಅಲುಗಿಸಲಿಲ್ಲ.

"ಯಾನು ತಿರ್ಗಿಸ್ತಾ ಇದ್ದಿದ್ದಿ" ಎಂದರು ಇವರು, ಸಗಣಿಯಲ್ಲಿ ನಿಂತುಕೊಂಡು.

ಅಂಗಡಿಯವರು ನಗಲಿಲ್ಲ, ವ್ಯಾಪಾರಸ್ಥರು. "ಹಳೇ ಗಾಡಿ ಐತಲ್ರಿ. ಕ್ಲಚ್ ಒತ್ತಿದ್ರೂ ಬ್ಲೇಡ್ ಜೋರಾಗಿ ತಿರಗ್ತಿರತೈತಿ, ಅದ ಗಾಡಿನ್ನ ಮುಂದ ದಬ್ಬತೈತಿ. ನಡುವ ಸೈಕಲ್ಲಿಂದು ಫ್ರೀವೀಲ್ ಇರತೈತಲ್ರಿ, ಹಂಗ ಒಂದು ಕಪ್ಲಿಂಗ್ ಹಾಕಿದ್ರ ಮುಗೀತು" ಎಂದು ಸಮಾಧಾನ ಮಾಡಿದರು. ಆಮೇಲೆ ನನ್ನನ್ನು ಕರೆದು, ಹೊಡೆದ ಸಾಲಿನಿಂದ ಒಂದು ಹಿಡಿ ಬಾಚಿ ತೋರಿಸಿದರು. "ಇಲ್ಲಿ ನೋಡ್ರಿ ಅಕ್ಕಾರ, ಹುಲ್ಲು ಅಗದಿ ಹಿಟ್ಟ ಆಗೇತಿ ಹಿಟ್ಟ!"

ನೋಡಿದೆವು. ಮೂವರೂ ತಲೆದೂಗಿದೆವು. "ಭಾರೀ ಚೊಲೋ ಇದ್ದು ಭಾವ" ಎಂದ ಅಣ್ಣ. ನನ್ನ ಗಮನವೆಲ್ಲ ಟ್ರಾಕ್ಟರಿನ ಮುಂದಿನ ಚಕ್ರ ನೆಲ ಬಿಟ್ಟಿದೆಯೋ ಇಲ್ಲವೋ ಎಂಬುದರ ಮೇಲೆ. ಅಂಗಡಿಯವರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು, ಒಂದು ಅಕ್ಷರ ಸುಳ್ಳಿಲ್ಲ.

ಕಪ್ಲಿಂಗ್ ಬಂತು. ಶಾಫ್ಟ್ ಉದ್ದವಾಯಿತೆಂದು ಕತ್ತರಿಸಿದ್ದಾಯಿತು. ಕಲ್ಲಿಗೆ ತಾಗಿದರೆ ಗೇರ್‌ಬಾಕ್ಸ್ ಬದಲು ತಾವೇ ಮುರಿದುಕೊಳ್ಳುವ ಬೋಲ್ಟುಗಳು ಒಂದು ಡಬ್ಬಿ ಬಂದವು. ದೀಪಾವಳಿಗೆ ನಮ್ಮ ಕಡೆ ದೊಡ್ಡಹಬ್ಬ ಎನ್ನುತ್ತಾರೆ, ದನಗಳಿಗೆ ಹಾರ ಹಾಕಿ ಪೂಜೆ ಮಾಡಿ ಕಡುಬು ತಿನ್ನಿಸುವ ಹಬ್ಬ. ಆ ಸಲ ಕೊಟ್ಟಿಗೆಯ ಬಾಗಿಲಲ್ಲಿ ಕೆಂಪು ಮಷಿನ್ನನ್ನೂ ನಿಲ್ಲಿಸಿ, ಅದಕ್ಕೂ ಚೆಂಡುಹೂವಿನ ಹಾರ ಹಾಕಿ, ಅದಕ್ಕೂ ಆರತಿ. ಕಡಸು ಕುತ್ತಿಗೆ ಚಾಚಿ ಮಷಿನ್ನಿನ ಹಾರವನ್ನು ಎಳೆದು ತಿಂದಿತು. ಇವರು ಬೈದರು. ಯಾರಿಗಾಗಿ ಯಾರ ಪೂಜೆ ಎಂಬುದು ಅದಕ್ಕಾದರೂ ಗೊತ್ತಿತ್ತು.

ಕರಡ ಒಣಗಿತು. ಇವರು ತಲೆಗೆ ವಸ್ತ್ರ ಕಟ್ಟಿಕೊಂಡು ಬೇಣ ಹತ್ತಿದರು. ಸುಳ್ಳು ಹೇಳಬಾರದು, ಜೋಡಿ ಹೇಳಿ ಮಾಡಿಸಿದ ಹಾಗಿತ್ತು. ಮುದುಕ ಕೆಮ್ಮಲಿಲ್ಲ, ಮೂತಿ ಎತ್ತಲಿಲ್ಲ, ನಿಲ್ಲೆಂದಲ್ಲಿ ನಿಂತಿತು. ಕಲ್ಲಿದ್ದ ಇಳಿಜಾರನ್ನೂ ಹುತ್ತದ ಸುತ್ತನ್ನೂ ಬಿಟ್ಟು ಉಳಿದ ಬೇಣವೆಲ್ಲ ಸಂಜೆಯೊಳಗೆ ಬೋಳು. ದಾರಿಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ನೋಡಿದರು. ನಾನು ಹೊರೆ ಕಟ್ಟುವ ಹಗ್ಗ ಹಿಡಿದು ಮೇಲೆ ಹೋದೆ.

ಕಟ್ಟುವುದೇನನ್ನು? ಬೇಣದ ತುಂಬ ಬೆರಳುದ್ದದ ಚೂರು, ಹೊಟ್ಟು, ಧೂಳು. ಬಾಚಿದರೆ ಬೆರಳ ಸಂದಿಯಲ್ಲಿ ಉದುರುತ್ತಿತ್ತು. ಅರ್ಧ ಗಾಳಿಯಲ್ಲಿ, ಅರ್ಧ ಮಣ್ಣಿನಲ್ಲಿ.

"ಕರಡ ಎಲ್ಲಿದ್ದು?" ಎಂದೆ.

"ಅಲ್ಲೇ ಇದ್ದಲ, ನಿನ್ನ ಕಾಲ ಬುಡದಲ್ಲಿ" ಎಂದರು. ಹೇಳಿದ ಮೇಲೆ ತಾವೂ ಬಗ್ಗಿ ನೋಡಿದರು. ಅವರ ಮುಖದ ಬೆವರು ಒರೆಸುತ್ತಿದ್ದ ವಸ್ತ್ರ ಅಲ್ಲೇ ನಿಂತಿತು.

ಥೋ! ಟ್ರಾಕ್ಟರಿನ ಅಗಲ ಕೇಳಿದೆವು, ಎತ್ತುವ ಶಕ್ತಿ ಕೇಳಿದೆವು, ಸೊಂಟದ ಅಳತೆ ತೆಗೆದೆವು. ಹುಟ್ಟಿದಾಗಿನಿಂದ ದನ ಕಟ್ಟಿದ ಮೂವರು, ದನ ಇದನ್ನು ತಿನ್ನುತ್ತದೆಯೇ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಬುಟ್ಟಿಯಲ್ಲಿ ತುಂಬಿ ತಂದು ಮುದಿ ಆಕಳ ಮುಂದೆ ಸುರಿದೆ. ಅದು ಮೂಸಿತು, ಬುಸ್ಸೆಂದು ಉಸಿರು ಬಿಟ್ಟಿತು, ಧೂಳೆಲ್ಲ ನನ್ನ ಮುಖಕ್ಕೆ ಬಂತು. ಮುಖ ಪಕ್ಕಕ್ಕೆ ತಿರುಗಿಸಿ ನಿಂತಿತು.

ಅಣ್ಣ ಫೋನಿನಲ್ಲಿ ಸಮಾಧಾನ ಹೇಳಿದ. "ತೋಟಕ್ಕೆ ಹೊದಿಕೆ ಮಾಡಿದ್ರೆ ಚೊಲೋ ಗೊಬ್ಬರ ಆಗ್ತು ತಂಗಿ, ವಿಡಿಯೋದಲ್ಲಿ ತೋರ್ಸಿದ್ದ."

"ದನಕ್ಕೆ ಎಂತ ಹಾಕವು ಅಣ್ಣ, ನಿನ್ನ ಫೋನಾ?" ಎಂದು ಇಟ್ಟುಬಿಟ್ಟೆ.

ಭತ್ತದ ಹುಲ್ಲಾದರೂ ಸಿಕ್ಕೀತೆಂದು ಬನವಾಸಿ ಕಡೆ ವಿಚಾರಿಸಿದೆವು. ಅಲ್ಲೂ ಕೊಯ್ಯುವ ಮಷಿನ್ ಬಂದು ಹುಲ್ಲನ್ನೆಲ್ಲ ಗದ್ದೆಯಲ್ಲೇ ಪುಡಿ ಮಾಡಿ ಹೋಗಿತ್ತು. ಕೈಯಲ್ಲಿ ಕೊಯ್ಯಿಸಿದವರ ಹುಲ್ಲನ್ನು ಯಾರುಯಾರೋ ಮೊದಲೇ ಹೇಳಿಟ್ಟಾಗಿತ್ತು. ಇನ್ನು ಉಳಿದದ್ದು ಟ್ರಾಕ್ಟರ್ ಹೋಗಲಾರದ ಕಲ್ಲಿನ ಇಳಿಜಾರು, ಹುತ್ತದ ಸುತ್ತ. ಒಂದು ಬೆಳಿಗ್ಗೆ ಇವರು ಎರಡು ಕತ್ತಿ ಮಸೆದು ಒಂದನ್ನು ನನ್ನ ಕೈಗೆ ಕೊಟ್ಟರು. ಇಬ್ಬರೂ ಸೊಂಟ ಹಿಡಿದುಕೊಂಡು, ನಾಲ್ಕು ಹಿಡಿ ಕೊಯ್ದು ಒಮ್ಮೆ ಕೂತು, ಬೆಳಗಿನ ತಂಪಿನಲ್ಲಿ ಅಷ್ಟಷ್ಟೇ ಕೊಯ್ದು ಮುಗಿಸಿದೆವು. ನಮ್ಮ ಜೀವಮಾನದ ಅತಿ ಸಣ್ಣ ಬಣವೆ ಎದ್ದಿತು. ನೋಡಿದರೇ ಗೊತ್ತಾಗುತ್ತಿತ್ತು, ಒಂದು ದನಕ್ಕೆ ಸಾಕು, ಮೂರಕ್ಕೆ ಸಾಲದು.

ದೊಡ್ಮನೆ ಊರಿನ ಪರಿಚಯದ ಮನೆಯವರು ಎರಡು ದನ ಕಟ್ಟಿಕೊಳ್ಳಲು ಒಪ್ಪಿದರು. ಒಳ್ಳೆಯ ಜನ, ಮೇವಿದ್ದವರು. ಹಾಲಿನದನ್ನೂ ಕಡಸನ್ನೂ ಕೊಟ್ಟರೆ ಬೇಕು, ಕಡಸಿನ ಜೊತೆ ಮುದಿಯದನ್ನು ಕೊಟ್ಟರೆ ಬೇಡವೆನ್ನಲಾರರು, ಆದರೆ ಎಷ್ಟು ದಿನ ಇಟ್ಟುಕೊಂಡಾರು ಎಂದು ಕೇಳುವಂತಿಲ್ಲ. ಮಷಿನ್ ಆರಿಸಲು ಅರ್ಧ ಮಳೆಗಾಲ ಬೇಕಾಗಿತ್ತು. ಯಾವ ದನ ಉಳಿಯಬೇಕೆಂದು ಆರಿಸಲು ಸಿಕ್ಕಿದ್ದು ಅವರ ವಾಹನ ಅಂಗಳದಲ್ಲಿ ತಿರುಗಿ ನಿಲ್ಲುವಷ್ಟು ಹೊತ್ತು.

"ಹಾಲಿಂದು ಇರ್ಲಿ, ಅಲ್ದ?" ಎಂದರು ಇವರು ಕೊಟ್ಟಿಗೆಯಲ್ಲಿ, ನನ್ನ ಮುಖ ನೋಡದೆ.

"ಮುದಿದು ಇರ್ಲಿ" ಎಂದೆ.

"ಅದು ಹಾಲು ಕೊಡ್ತಿಲ್ಲೆ ಮಾರಾಯ್ತಿ."

"ನಿಂಗಳ ಟ್ರಾಕ್ಟರ್ ಕೊಡ್ತಾ?"

ಚುಚ್ಚಬೇಕೆಂದೇ ಹೇಳಿದ್ದು. ಆದರೆ ಹೇಳುವಷ್ಟರಲ್ಲಿ ನನಗೇ ಅಳು ಬಂತು, ಸೆರಗು ಬಾಯಿಗೆ ಇಟ್ಟುಕೊಂಡೆ. ಇವರು ಹೋಗಿ ಮಗಳ ಹಗ್ಗ ಬಿಚ್ಚಿದರು, ಅದರ ಹಿಂದೆ ಕಡಸಿನದು. ಕರಿ ಆಕಳ ಬೆನ್ನ ಮೇಲೆ ಕೈಯಿಟ್ಟು ದಾಟಿಹೋದರು.

ಮರುದಿನ ಚಹಾಕ್ಕೆ ಹಾಲಿರಲಿಲ್ಲ. ಇವರು ಟ್ರಾಕ್ಟರ್ ಶುರು ಮಾಡಿ, ಹಿಂದಿನ ಮಷಿನ್ ಬಿಚ್ಚುವ ಗೋಜಿಗೂ ಹೋಗದೆ ಊರಿನ ಅಂಗಡಿಗೆ ಹೋಗಿ, ಅರ್ಧ ಲೀಟರಿನ ಒಂದು ಹಾಲಿನ ಪ್ಯಾಕೆಟ್ ತಂದರು. ಚಹಾ ಮಾಡಿ ಎರಡು ಲೋಟಕ್ಕೆ ಬಗ್ಗಿಸಿದೆ. ಕೊಟ್ಟಿಗೆಯಲ್ಲಿ ಆಕಳು ಮಗಳನ್ನು ಕರೆಯುತ್ತಲೇ ಇತ್ತು. ಇಬ್ಬರೂ ಲೋಟ ಮುಟ್ಟಲಿಲ್ಲ.